ಗಂಡನ ಹೆಸರಿನ ದೇವರು

ಹೆರಿಗೆ ವಾರ್ಡಿಗೆ ಹೊಸದಾಗಿ ಸೇರಿದ ನರ್ಸ್ ಹುಡುಗಿಯರು ಎಲ್ಲಾದರೂ ಸಿಕ್ಕಿದರೆ, ಮೇಡಂ, ನಾವು ಮೊದಲು ಏನು ಕಲಿಯಬೇಕು ಎಂದು ಕೇಳುತ್ತಾರೆ. ನಾನು ಹೇಳುವುದು ಒಂದೇ ಮಾತು. ನೋವು ತಿನ್ನುತ್ತಿರುವ ಹೆಂಗಸಿಗೆ ದೇವರ ಹೆಸರು ಹೇಳಮ್ಮ ಎನ್ನುವ ಮೊದಲು ಅವಳ ಗಂಡನ ಹೆಸರೇನೆಂದು ತಿಳಿದುಕೊಳ್ಳಿ. ಹುಡುಗಿಯರು ನಗುತ್ತಾರೆ. ಈಗಿನವರು ಗಂಡನನ್ನು ಹೆಸರು ಹಿಡಿದು ಕರೆಯುವವರು, ನಗಲಿ. ನಾನು ಸರ್ವಿಸಿನ ಅಷ್ಟೂ ವರ್ಷ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕಿನೊಳಗೇ ಗಾಣದ ಎತ್ತಿನ ಹಾಗೆ ಸುತ್ತಿದವಳು. ಯಾವಾಗ ಬಡ್ತಿ ಬಂತು, ಎಷ್ಟು ಸಲ ವರ್ಗವಾಯಿತು ಎಂಬುದು ನನಗೇ ಬೇಡ, ನಿಮಗೆ ಯಾಕೆ? ಈ ಹೆಸರಿನ ಕಥೆಯನ್ನು ಮಾತ್ರ ಬರೆಯಬೇಕು ಅನ್ನಿಸಿದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಹೊಣಕೆರೆ ಕಡೆ ಹಾಕಿದ್ದರು. ರಾಗಿ ಹೊಲಗಳ ನಡುವೆ ಸೈಕಲ್ ತುಳಿದುಕೊಂಡು ಊರೂರು ತಿರುಗುವುದು, ಬಸುರಿಯರನ್ನು ನೋಡುವುದು, ದಿನ ತುಂಬಿದವರನ್ನು ಆಸ್ಪತ್ರೆಗೆ ಹೊರಡಿಸಿ ಅಲ್ಲಿ ಹೆರಿಗೆಗೂ ನಿಲ್ಲುವುದು. ಹೆಂಗಸರು ನನ್ನ ಹತ್ತಿರ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಅತ್ತೆಯ ಕಾಟ, ಗಂಡ ಕುಡಿದು ಬಂದು ಮಾಡಿದ ರಂಪ, ಯಾವುದನ್ನೂ ಮುಚ್ಚಿಡುತ್ತಿರಲಿಲ್ಲ. ಆದರೆ ಗಂಡನ ಹೆಸರು ಕೇಳಿದೆನೋ, ಸೆರಗು ಬಾಯಿಗೆ ಹೋಗುತ್ತಿತ್ತು. ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದಂತೆ. ಒಬ್ಬಳು ಕ್ಯಾಲೆಂಡರಿನಲ್ಲಿದ್ದ ಈಶ್ವರನ ಕಡೆ ಗಲ್ಲ ಎತ್ತಿ ತೋರಿಸುವಳು. ಇನ್ನೊಬ್ಬಳು, ನಾಳೆ ಯಾವ ವಾರವೋ ಅದೇ ಎನ್ನುವಳು. ನಾಳೆ ಸೋಮವಾರ, ಗಂಡ ಸೋಮಣ್ಣ.

ನನ್ನ ಮೊದಲ ಎಡವಟ್ಟು ಆದದ್ದು ಇದರಿಂದಲೇ. ನೋವು ಬಂದು ಆಸ್ಪತ್ರೆಗೆ ಸೇರಿದ್ದ ಒಬ್ಬಾಕೆ "ಅದೇ ಕಣಕ್ಕ, ಮೇಲ್ಕೋಟೆ ದ್ಯಾವ್ರು" ಎಂದಳು. ಮೇಲುಕೋಟೆಯಲ್ಲಿ ಬೆಟ್ಟದ ಮೇಲೆ ನರಸಿಂಹಸ್ವಾಮಿ, ಕೆಳಗೆ ಚೆಲುವರಾಯಸ್ವಾಮಿ. ಅವಸರದವಳು ನಾನು, ಮೇಲಿರುವವನೇ ಇರಬೇಕೆಂದು ನರಸಿಂಹೇಗೌಡ ಎಂದು ಬರೆದುಕೊಂಡುಬಿಟ್ಟೆ. ಗಂಡು ಮಗುವಾಯಿತು. ಬಾಗಿಲಿಗೆ ಬಂದು ನರಸಿಂಹೇಗೌಡರು ಯಾರು ಎಂದು ಕೂಗಿದೆ. ನಮ್ಮ ದುರದೃಷ್ಟಕ್ಕೆ ಆ ಹೆಸರಿನವನೊಬ್ಬ ನಿಜಕ್ಕೂ ಅಲ್ಲಿ ಕೂತಿದ್ದ. ಅವನ ಹೆಂಡತಿಗೆ ಇನ್ನೂ ನೋವೇ ಸರಿಯಾಗಿ ಕಾಣಿಸಿಕೊಂಡಿರಲಿಲ್ಲ. ಮಗುವಿನ ಮುಖ ನೋಡಿ ಕಣ್ಣೀರು ಹಾಕಿದ, ಅಂಗಡಿಗೆ ಓಡಿಹೋಗಿ ಸಕ್ಕರೆ ತಂದು ಕಂಡಕಂಡವರ ಕೈಗೆಲ್ಲ ಹಾಕಿದ. ಮಗುವಿನ ನಿಜವಾದ ಅಪ್ಪ ಚೆಲುವೇಗೌಡ ತಾನೂ ಒಂದು ಹಿಡಿ ಸಕ್ಕರೆ ತಿಂದು, ಕೈ ಒರೆಸಿಕೊಂಡು ಬೆಂಚಿನ ಮೇಲೆ ಕಾಯುತ್ತ ಕೂತ. ಒಳಗೆ ಬಾಣಂತಿ, ನಮ್ಮೋರು ಯಾಕೆ ಇನ್ನೂ ಬರಲಿಲ್ಲ ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು. ಸಂಜೆಯ ಹೊತ್ತಿಗೆ ನರಸಿಂಹೇಗೌಡನಿಗೆ ಹೆಣ್ಣು ಮಗು ಹುಟ್ಟಿತು. ಅವನು ಒಳ್ಳೆಯವನು, ಅಂಚಿದ್ ಸಕ್ರೆ ಇದ್ಕೇ ಆಯ್ತು ಬುಡಿ ಎಂದು ನಕ್ಕ. ಡಾಕ್ಟರು ನಗಲಿಲ್ಲ. ಅವರು ನನ್ನನ್ನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮುಂದೆ ಸಿಂಧಘಟ್ಟದಲ್ಲಿ ಇದೇ ಗಂಟು ಬೇರೆ ರೀತಿಯಲ್ಲಿ ಎದುರಾಯಿತು. ಆಗಿನ್ನೂ ಎಷ್ಟೋ ಹೆರಿಗೆ ಮನೆಯಲ್ಲೇ ಆಗುತ್ತಿದ್ದ ಕಾಲ. ಚೊಚ್ಚಲ ಬಸುರಿ, ಹೆದರಿ ಉಸಿರು ಕಟ್ಟಿಕೊಂಡು ಮಲಗಿದ್ದಳು. ಉಸಿರನ್ನು ಉದ್ದಕ್ಕೆ ಬಿಡಿಸಲು ನಾವು ಹೂಡುತ್ತಿದ್ದ ಉಪಾಯವೆಂದರೆ ದೇವರ ಹೆಸರು. ನೋವು ಏರುವಾಗ ಉಸಿರು ಎಳೆದುಕೊಂಡು, ಇಳಿಯುವಾಗ ರಾಮಾ ಎಂದು ಉದ್ದಕ್ಕೆ ಬಿಡಬೇಕು. ನಾನು ಹೇಳಿಕೊಟ್ಟಷ್ಟೂ ಅವಳು ತುಟಿ ಕಚ್ಚುತ್ತಿದ್ದಳು. ಗದರಿದೆ. ಕೊನೆಗೆ ಹಿಂದೆ ನಿಂತಿದ್ದ ಅತ್ತೆಯೇ ಬಾಯಿಬಿಟ್ಟಳು: "ಅದು ನಮ್ಮುಡ್ಗನ್ ಎಸ್ರು ಕಣವ್ವ. ಬ್ಯಾರೆ ಯಾವ್ದಾರ ದ್ಯಾವ್ರ ಎಸ್ರು ಏಳ್ಕೊಡು." ಮಾರಮ್ಮ ಎನ್ನಲು ಹೇಳಿದೆ. ಹುಡುಗಿ ಬಾಯಿ ಬಿಟ್ಟಳು ನೋಡಿ, ಇಡೀ ಬೀದಿಗೆ ಕೇಳುವ ಹಾಗೆ. ಅಂದಿನಿಂದ ನನ್ನ ವಾರ್ಡಿನಲ್ಲಿ ಮಾರಮ್ಮನೇ ಗಟ್ಟಿ. ಗಂಡಸಿಗೆ ಯಾರೂ ಮಾರಮ್ಮ ಎಂದು ಹೆಸರಿಡುವುದಿಲ್ಲವಲ್ಲ.

ಇಷ್ಟೆಲ್ಲ ಹೇಳುವ ನಾನು ಮಾತ್ರ ಏನು ಕಡಿಮೆ? ಶ್ರೀರಂಗಪಟ್ಟಣದಲ್ಲಿ ಹಾವಿನ ಮೇಲೆ ಮಲಗಿದ್ದಾನಲ್ಲ, ಆ ಸ್ವಾಮಿಯ ಹೆಸರೇ ನಮ್ಮ ಯಜಮಾನರ ಹೆಸರು. ಊರಿನ ಹೆಸರಿನೊಳಗೇ ಇದೆ, ನಿಮಗೆ ಗೊತ್ತಾಗಿರುತ್ತದೆ. ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಗಂಡನ ಹೆಸರೇನಮ್ಮ ಎಂದರೆ ನಾನು ಗುರುತಿನ ಚೀಟಿಯನ್ನು ಮುಂದೆ ಚಾಚುತ್ತಿದ್ದೆ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬಾಯಿಗೆ ಬರುವುದಿಲ್ಲ. ಆಯಸ್ಸು ಕಮ್ಮಿಯಾಗುತ್ತದೆ ಎನ್ನುವುದನ್ನು ನಾನು ನಂಬುವುದಿಲ್ಲ. ನಂಬದಿದ್ದರೂ ಹೇಳುತ್ತಿರಲಿಲ್ಲ, ಅಷ್ಟೇ.

ಪಾಂಡವಪುರದಲ್ಲಿ ನನಗೆ ಸಿಕ್ಕ ಡಾಕ್ಟರಮ್ಮ ಬಲು ಜೋರು. ಮಗುವಿನ ಎದೆಬಡಿತ ಕೇಳಲು ಆಗ ನಮ್ಮ ಹತ್ತಿರ ಇದ್ದದ್ದು ಪುಟ್ಟ ತುತ್ತೂರಿಯಂಥ ಸಾಧನ. ಅಗಲ ಬಾಯಿಯನ್ನು ಬಸುರಿಯ ಹೊಟ್ಟೆಯ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಕೊಡಬೇಕು. ಆಕೆ ಬಗ್ಗಿ ಕಿವಿಯಿಟ್ಟರೆಂದರೆ ವಾರ್ಡಿನಲ್ಲಿ ಫ್ಯಾನು ಕೂಡ ನಿಲ್ಲಬೇಕು. ನಾನೋ ಒಂದು ಕಡೆ ನಿಂತವಳಲ್ಲ. ಟ್ರೇ ಸರಿಪಡಿಸುವುದು, ಬಟ್ಟೆ ಮಡಚುವುದು, ಕಾರಿಡಾರಿಗೆ ಹೋಗಿ ಬರುವುದು. ಪದ್ಮಾ, ನಿನ್ನ ಚಪ್ಪಲಿ ಸದ್ದಿನಲ್ಲಿ ಆ ಮಗು ಹೆದರಿಕೊಂಡು ಒಳಗೇ ಉಳಿದುಬಿಡುತ್ತೆ ಎಂದು ಒಂದು ದಿನ ಎಲ್ಲರೆದುರು ಅಂದರು. ಕಾಫಿ ಕುಡಿದು ಬಾ ಎಂದು ಕಳಿಸಿದರೆ ಅರ್ಧ ಲೋಟ ಬಿಟ್ಟು ಓಡಿ ಬರುತ್ತಿದ್ದೆ. ಆಮೇಲೆ ಮಗುವಿನ ಎದೆಬಡಿತವನ್ನು ಎಲ್ಲರಿಗೂ ಕೇಳಿಸುವ ಯಂತ್ರ ಬಂತು, ಕಾಗದದ ಮೇಲೆ ಗೆರೆ ಎಳೆಯುವ ಯಂತ್ರವೂ ಬಂತು. ಕಿವಿಗೆ ಕೆಲಸ ಕಡಿಮೆಯಾಯಿತು, ಕಾಲಿಗೆ ಕಡಿಮೆಯಾಗಲಿಲ್ಲ. ನಿಮ್ಮ ಕೆಲಸವೇ ಒಂದು ಧ್ಯಾನ ಬಿಡಿ ಎಂದು ಬೀಳ್ಕೊಡುಗೆಯ ದಿನ ಯಾರೋ ಭಾಷಣ ಮಾಡಿದರು. ಅವರು ನಾಗಮಂಗಲದ ವಾರ್ಡಿನಲ್ಲಿ ನನ್ನ ಜೊತೆ ಒಂದೇ ಒಂದು ಡ್ಯೂಟಿ ಮಾಡಿದ್ದರೆ ಆ ಮಾತು ಆಡುತ್ತಿರಲಿಲ್ಲ. ಅದು ಧ್ಯಾನವಲ್ಲ, ಬೆಂಕಿ ಬಿದ್ದ ಬಣವೆಯ ಸುತ್ತ ಓಡಾಟ.

ನಿವೃತ್ತಿಯಾದ ಮೇಲೆ ಓಡಲು ಜಾಗವಿಲ್ಲದೆ ಹೋಯಿತು. ನಮ್ಮ ಊರು ಶ್ರೀರಂಗಪಟ್ಟಣಕ್ಕೆ ಹತ್ತಿರ. ಯಜಮಾನರು ಹಸು ಕಟ್ಟಿಕೊಂಡು, ಡೈರಿಗೆ ಹಾಲು ಹಾಕಿಕೊಂಡು ತಣ್ಣಗಿದ್ದರು. ನಾನು ಊಟವನ್ನೂ ನಿಂತೇ ಮಾಡುತ್ತಿದ್ದೆ. ಮದುವೆಗೆ ಹೋದರೆ ಮದುಮಕ್ಕಳನ್ನು ನೋಡದೆ ಬಸುರಿಯರ ಕಾಲು ನೋಡುವುದು, ಗುರುತಿಲ್ಲದವಳ ಪಾದ ಒತ್ತಿ, ಊದಿದೆಯಲ್ಲ, ಬಿ.ಪಿ. ನೋಡಿಸಿದ್ದೀಯಾ ಎಂದು ಕೇಳುವುದು. ಕೊನೆಗೆ ಬಿ.ಪಿ. ಹೆಚ್ಚಾದದ್ದು ನನಗೇ.

ನಮ್ಮ ಒಬ್ಬಳೇ ಮಗಳು ಭವ್ಯ ಕೆ.ಆರ್. ಪೇಟೆಯಲ್ಲಿ ಶಾಲಾ ಟೀಚರು. ಅವಳ ಮೊದಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಯಾರ ತಪ್ಪೂ ಅಲ್ಲ, ಡಾಕ್ಟರೂ ಹಾಗೇ ಅಂದರು, ನನಗೂ ಗೊತ್ತು. ಆದರೆ ಆ ಏಳು ತಿಂಗಳು ನಾನು ಗಳಿಗೆಗೊಮ್ಮೆ ಫೋನು ಮಾಡಿ, ಮಗು ಆಡ್ತಾ, ಎಷ್ಟು ಸಲ ಒದೀತು ಎಂದು ಕೇಳುತ್ತಿದ್ದೆ. ಎರಡನೆಯ ಸಲ ಬಸುರಿಯಾಗಿ ಮನೆಗೆ ಬಂದಾಗ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಈಗ ಹೆರಿಗೆ ಕೋಣೆಯೊಳಗೆ ಬಸುರಿಯ ಕಡೆಯವರೊಬ್ಬರು ಜೊತೆಗಿರಲು ಬಿಡುತ್ತಾರೆ. ನಮ್ಮ ಕಾಲದಲ್ಲಿ ತಾಯಂದಿರನ್ನು ನಾವೇ ಹೊರಗೆ ಅಟ್ಟಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು.

"ಅಮ್ಮ, ಅವತ್ತು ನೀನು ನನ್ ಪಕ್ಕ ಇರ್ಬೇಕು" ಎಂದಳು. "ಆದ್ರೆ ನರ್ಸಮ್ಮ ಬರೋದು ಬ್ಯಾಡ. ನೀನು ಎದ್ದು ಓಡಾಡಿದ್ರೆ ನಂಗೆ ಜೀವ ಓಯ್ತದೆ. ಸುಮ್ಕೆ ಕೂತ್ಕಳಕ್ಕಾದ್ರೆ ಬಾ. ಆಗಲ್ಲ ಅಂದ್ರೆ ಈಗ್ಲೇ ಏಳ್ಬುಡು, ನಮ್ಮತ್ತೆನ ಕರ್ಕೋತೀನಿ."

ಕೆನ್ನೆಗೆ ಹೊಡೆದ ಹಾಗಾಯಿತು. ಊರವರ ಮಕ್ಕಳನ್ನೆಲ್ಲ ಎತ್ತಿದ ಕೈ ಇದು, ನನ್ನ ಮಗಳಿಗೆ ಬೇಡವಾಯಿತೇ ಎಂದು ಕೊಟ್ಟಿಗೆಗೆ ಹೋಗಿ ಅತ್ತೆ. ಯಜಮಾನರು ಹುಲ್ಲು ಹಾಕುತ್ತಿದ್ದವರು, ಕೈ ಬ್ಯಾಡ ಅಂದ್ಳು, ನಿನ್ನ ಬ್ಯಾಡ ಅನ್ಲಿಲ್ವಲ್ಲ ಎಂದರು. ಅವರ ಮಾತೇ ಹಾಗೆ, ಆಗ ಸಿಟ್ಟು ಬರುತ್ತದೆ, ಆಮೇಲೆ ತಿಳಿಯುತ್ತದೆ.

ಸುಮ್ಮನೆ ಕೂರುವುದನ್ನು ಕಲಿಯಬೇಕೆಂದು ಅಂದೇ ವಿಶಾಲಾಕ್ಷಮ್ಮನವರ ಹತ್ತಿರ ಹೋದೆ. ಅವರು ನಿವೃತ್ತ ಕನ್ನಡ ಟೀಚರು. ಬೆಳಗಿನ ಹೊತ್ತು ಪಟ್ಟಣದಲ್ಲಿ ಹೊಳೆ ಪಕ್ಕದ ಮಂಟಪದಲ್ಲಿ ನಾಲ್ಕಾರು ಹೆಂಗಸರನ್ನು ಕೂರಿಸಿಕೊಂಡು ಜಪ, ಧ್ಯಾನ ಮಾಡಿಸುತ್ತಿದ್ದರು. ಅವರ ಪದ್ಧತಿ ಸರಳ. ನಾವು ಕಣ್ಣು ಮುಚ್ಚಿ, ಹಾವಿನ ಮೇಲೆ ಮಲಗಿರುವ ಸ್ವಾಮಿಯನ್ನು ಪಾದದಿಂದ ಶುರುಮಾಡಿ ಮೆಲ್ಲಗೆ ಮುಖದವರೆಗೆ ಮನಸ್ಸಿನಲ್ಲೇ ನೋಡುತ್ತ ಹೋಗುವುದು. ಉಸಿರು ಬಿಡುವಾಗಲೆಲ್ಲ ಅವನ ಹೆಸರು. ಮನಸ್ಸು ಓಡಿಹೋದರೆ ಬೈಯಬಾರದು, ಮತ್ತೆ ಪಾದದ ಹತ್ತಿರ ಕರೆದುಕೊಂಡು ಬರಬೇಕು.

ನಾನೂ ಕಣ್ಣು ಮುಚ್ಚಿದೆ. ಸ್ವಾಮಿ ಕಂಡ. ಆದರೆ ಮಲಗಿದವನನ್ನು ನೋಡಿದರೆ ನನಗೆ ಬರುವ ಯೋಚನೆ ಒಂದೇ. ಪಾದ ಊದಿದೆಯೇ ಎಂದು ನೋಡಿದೆ. ಎಡಮಗ್ಗುಲಿಗೆ ತಿರುಗಿ ಮಲಗಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಗುಡಿಯಲ್ಲಿ ಸ್ವಾಮಿಯ ಪಾದದ ಬಳಿ ಕೂತಿರುವ ದೇವಿ ಕಾವೇರಮ್ಮ ರೋಗಿಯ ಕಡೆಯವಳ ಹಾಗೆ ಕಂಡು, ಹೊರಗೆ ಹೋಗಮ್ಮ ಅನ್ನಬೇಕೆನಿಸಿತು. ಕಣ್ಣು ಬಿಟ್ಟಾಗ ನನ್ನ ಬಲಗೈ ಎಡಗೈಯ ನಾಡಿ ಹಿಡಿದುಕೊಂಡಿತ್ತು. ಇದನ್ನು ಹೇಳಿದಾಗ ವಿಶಾಲಾಕ್ಷಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಾದ ನೋಡಿದಿರಲ್ಲ, ಅಷ್ಟಾದರೆ ಮೊದಲ ದಿನಕ್ಕೆ ಸಾಕು ಎಂದರು.

ಅದಕ್ಕಿಂತ ದೊಡ್ಡ ಕಷ್ಟ ಹೆಸರಿನದು. ಮಿಕ್ಕವರೆಲ್ಲ ಉಸಿರಿನ ಜೊತೆ ಹೆಸರು ಬಿಡುತ್ತಿದ್ದರೆ ನನ್ನ ತುಟಿ ಹೊಲಿದ ಹಾಗೆ ಕೂತಿರುತ್ತಿತ್ತು. ಬೇರೆ ಹೆಸರು ಹುಡುಕೋಣವೆಂದರೆ, ಮದುವೆಗೆ ಮುಂಚೆ ಬಾಯಿತುಂಬ ಹೇಳುತ್ತಿದ್ದ ರಾಮ ಈಗ ನಮ್ಮ ಮಾವನವರ ಹೆಸರು, ಕೃಷ್ಣ ನಮ್ಮ ಭಾವನವರದು. ನಮ್ಮ ಮನೆಯ ಗಂಡಸರು ದೇವರಿಗೆ ಒಂದು ಹೆಸರನ್ನೂ ಉಳಿಸಿರಲಿಲ್ಲ. ಸ್ವಾಮಿ, ಸ್ವಾಮಿ ಎಂದು ನೋಡಿದೆ, ಮೇಲಧಿಕಾರಿಯ ಮುಂದೆ ರಜೆ ಕೇಳುತ್ತ ನಿಂತ ಹಾಗಾಯಿತು. ಮಾರಮ್ಮ ಎಂದೆನೋ, ಇಡೀ ಹೆರಿಗೆ ವಾರ್ಡು ಕಿರುಚಿಕೊಂಡು ಎದ್ದು ಬಂತು. ಕಡೆಗೆ ಒಂದು ದಿನ ನಾಚಿಕೆ ಬಿಟ್ಟು ವಿಶಾಲಾಕ್ಷಮ್ಮನವರಿಗೆ ವಿಷಯ ತಿಳಿಸಿದೆ. ಅವರು ಈ ಸಲ ನಗಲಿಲ್ಲ.

"ದೇವ್ರಿಗೆ ನಿಮ್ಮೆಜಮಾನ್ರ ಹೆಸರಿಟ್ಟಿಲ್ಲ ಪದ್ಮಮ್ಮ, ನಿಮ್ಮೆಜಮಾನ್ರಿಗೆ ದೇವ್ರ ಹೆಸರಿಟ್ಟವ್ರೆ" ಎಂದರು.

ಮಾತು ಸರಿಯಾಗಿತ್ತು. ನಾಲಿಗೆಗೆ ಮಾತ್ರ ಅರ್ಥವಾಗಲಿಲ್ಲ. ಮನೆಗೆ ಬಂದು ಯಜಮಾನರಿಗೆ ಹೇಳಿದರೆ, ನನ್ನಿಂದ ನಿಂಗೆ ಮೋಕ್ಷ ತಪ್ಪೋಯ್ತು ಅನ್ನು ಎಂದು ಹಸುವಿನ ಮೈ ತೊಳೆಯುತ್ತ ನಕ್ಕರು. ಭವ್ಯಳಿಗೆ ದಿನ ತುಂಬುತ್ತ ಬಂತು. ನಾನು ಮಂಟಪಕ್ಕೆ ಹೋಗುವುದು ಬಿಡಲಿಲ್ಲ, ಶಾಂತಿ ಬರಲಿಲ್ಲ. ಕೂತ ಕಡೆಯೇ ಒಳಗೊಳಗೆ ಓಡುತ್ತಿದ್ದೆ. ಭವ್ಯ ಏನೂ ಕೇಳದೆ ನನ್ನನ್ನು ಗಮನಿಸುತ್ತಿದ್ದಳು. ಕೊನೆಯ ವಾರ ಅವಳ ಅತ್ತೆಯೂ ಸೀರೆ ಗಂಟು ಸಮೇತ ಬಂದಿಳಿದರು. ನನ್ನ ಜಾಗ ಹೋಯಿತು ಎಂದುಕೊಂಡೆ.

ನೋವು ಶುರುವಾದದ್ದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ಆಸ್ಪತ್ರೆಯ ಬಾಗಿಲಲ್ಲಿ, ಒಳಗೆ ಯಾರು ಬರ್ತೀರಿ ಎಂದು ಕೇಳಿದರು. ಭವ್ಯ ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಆಮೇಲೆ ನನ್ನ ಸೆರಗು ಹಿಡಿದುಕೊಂಡಳು.

ಒಳಗಿದ್ದ ನರ್ಸ್ ಶೋಭಾ ನನ್ನ ಕೈಕೆಳಗೆ ಕೆಲಸ ಕಲಿತವಳು. ಮಂಚದ ತಲೆಯ ಹತ್ತಿರ ನನಗೊಂದು ಸ್ಟೂಲು ಹಾಕಿಕೊಟ್ಟಳು. ಕೂತೆ. ಭವ್ಯಳ ಕೈ ನನ್ನ ಕೈಯಲ್ಲಿತ್ತು. ಎದುರಿಗೆ ಯಂತ್ರ ಗೆರೆ ಎಳೆಯುತ್ತಿತ್ತು. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನೋವು ಬಂದಾಗ ಮಗುವಿನ ಬಡಿತ ಇಳಿಯುವುದು, ನೋವು ಹೋದಾಗ ಏರುವುದು. ಅದು ಸಾಮಾನ್ಯವೆಂದು ಎಷ್ಟು ಜನರಿಗೆ ಹೇಳಿದ್ದೇನೋ, ನನಗೆ ನಾನು ಹೇಳಿಕೊಳ್ಳಲು ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶೋಭಾ ಹೊಸ ಗ್ಲೌಸ್ ತೆಗೆದು ನನ್ನ ಕಡೆ ಚಾಚಿ, "ಮೇಡಂ, ನೀವೇ ಒಂದ್ಸಲ ನೋಡ್ತೀರಾ?" ಎಂದಳು. ಗೌರವಕ್ಕೆ ಕೇಳಿದ್ದು. ನನ್ನ ಮೈಯೆಲ್ಲ ಆ ಗ್ಲೌಸಿನ ಕಡೆ ವಾಲಿತು. ಭವ್ಯ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಬೇಡಮ್ಮ, ನೀನೇ ನೋಡು ಎಂದೆ.

ಕಣ್ಣು ಮುಚ್ಚಿದೆ. ಪಾದದಿಂದ ಶುರುಮಾಡಿದೆ. ಮೊಣಕಾಲಿನವರೆಗೂ ಹೋಗಲಾಗಲಿಲ್ಲ, ಮಗಳು ಕೂಗಿದಾಗಲೆಲ್ಲ ಸ್ವಾಮಿ ಕಾಣೆಯಾಗುತ್ತಿದ್ದ. ಮತ್ತೆ ಪಾದಕ್ಕೆ ಬರುವುದು, ಮತ್ತೆ ಕಳೆದುಕೊಳ್ಳುವುದು. ಹೀಗೇ ಹೊತ್ತು ಹೋಗಿ ಡಾಕ್ಟರು ಬಂದರು, ಮಗು ಬಂತು.

ಮಗು ಅಳಲಿಲ್ಲ.

ಹುಟ್ಟುವುದಕ್ಕೂ ಅಳುವುದಕ್ಕೂ ನಡುವೆ ಇರುವ ಆ ಬಿಡುವನ್ನು ನಾನು ಚೆನ್ನಾಗಿ ಬಲ್ಲೆ. ಸರ್ವಿಸಿನುದ್ದಕ್ಕೂ ಅದನ್ನು ನನ್ನ ಕೈಗಳಿಂದ ತುಂಬಿದ್ದೇನೆ. ಒರೆಸುವುದು, ಬೆನ್ನು ತಿಕ್ಕುವುದು, ಅಂಗಾಲು ತಟ್ಟುವುದು. ಆಗ ಹೆದರಲು ಪುರುಸೊತ್ತಿರುವುದಿಲ್ಲ. ಈಗ ಅದನ್ನೆಲ್ಲ ಶೋಭಾ ಮಾಡುತ್ತಿದ್ದಳು, ಸರಿಯಾಗಿಯೇ ಮಾಡುತ್ತಿದ್ದಳು. ನನ್ನ ಕೈಗೆ ಕೆಲಸವಿರಲಿಲ್ಲ.

"ಅಮ್ಮ, ಅಳ್ತಾ ಇಲ್ವಲ್ಲ" ಎಂದಳು ಭವ್ಯ.

ಎದ್ದರೆ ಅವಳ ಜೀವ ಹೋಗುತ್ತದೆ. ಕೂತಿದ್ದರೆ ನನ್ನದು. ಸ್ವಾಮಿ ಎನ್ನಲು ಬಾಯಿ ತೆರೆದೆ, ಬಂದದ್ದು ಅದಲ್ಲ.

"ರಂಗಾ" ಎಂದೆ.

ಮೆಲ್ಲಗಲ್ಲ, ಹೊಟ್ಟೆಯಿಂದ, ಸಿಂಧಘಟ್ಟದ ಹುಡುಗಿ ಮಾರಮ್ಮನನ್ನು ಕೂಗಿದ ಹಾಗೆ. ಉಸಿರು ಎಳೆದುಕೊಂಡು ಮತ್ತೆ ರಂಗಾ ಎಂದೆ. ಭವ್ಯಳೂ ದನಿಗೂಡಿಸಿದಳು. ನನ್ನ ಎದೆ ತಮಟೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಶಾಂತಿ ಎಂದರೆ ಈ ಬಡಿತ ನಿಲ್ಲುವುದು ಎಂದುಕೊಂಡಿದ್ದೆ. ಅದು ನಿಲ್ಲಲಿಲ್ಲ. ಆದರೆ ಅದರ ಕೆಳಗೆ, ಗದ್ದಲದ ಮನೆಯಲ್ಲಿ ಒಬ್ಬರು ಸುಮ್ಮನೆ ಕೂತಿರುವಂತೆ, ನಾನು ಕೂತಿದ್ದೆ. ಏಳಬೇಕು ಎನ್ನಿಸಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಏಳಬೇಕು ಎನ್ನಿಸಲಿಲ್ಲ.

ಮಗು ಅತ್ತಿತು. ಎಷ್ಟು ಹೊತ್ತಿಗೆ ಎಂದು ನಾನು ಹೇಳಲಾರೆ, ಆವತ್ತು ನಾನು ಗಡಿಯಾರ ನೋಡಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಶೋಭಾ ಸ್ವಲ್ಪವೇ ತೆರೆದಳು. ಹೊರಗೆ ನಮ್ಮ ಯಜಮಾನರು, ಚಪ್ಪಲಿಯೂ ಇಲ್ಲದೆ, ಮುಖ ಬಿಳುಚಿಕೊಂಡು ನಿಂತಿದ್ದರು. ಮದುವೆಯಾದಾಗಿನಿಂದ ನನ್ನ ಬಾಯಲ್ಲಿ ಅವರ ಹೆಸರು ಕೇಳಿದವರಲ್ಲ, ಕಾರಿಡಾರಿನ ಆ ತುದಿಯಿಂದ ಓಡಿ ಬಂದಿದ್ದರು.

"ನನ್ನ ಕರುದ್ರಲ್ಲ, ಏನಾಯ್ತವ್ವ?" ಎಂದು ಶೋಭಾಳನ್ನು ಕೇಳಿದರು.

"ನಿಮ್ಮನ್ನಲ್ಲ ಯಜಮಾನ್ರೇ, ದೇವ್ರನ್ನ" ಎಂದಳು ಅವಳು. "ಬನ್ನಿ, ಮೊಮ್ಮಗಳು ಬಂದವ್ಳೆ."

ಭವ್ಯ ಮಗುವನ್ನು ಎದೆಯ ಮೇಲೆ ಇಟ್ಟುಕೊಂಡು ನಗಲು ಶುರುಮಾಡಿದಳು. ನಕ್ಕು ನಕ್ಕು ಅಳಲು ಶುರುಮಾಡಿದಳು. ಆಗ ನಾನೂ ಅತ್ತೆ, ಈ ಮಗುವಿಗೂ ಅತ್ತೆ, ಹೋದ ಮಗುವಿಗೂ ಅತ್ತೆ.

ಈಗ ನಾನು ಶಾಂತಳಾಗಿಬಿಟ್ಟೆ ಎಂದು ಬರೆದರೆ ಮನೆಯವರೆಲ್ಲ ನಗುತ್ತಾರೆ. ಮದುವೆ ಮನೆಯಲ್ಲಿ ಬಸುರಿಯರ ಪಾದ ಒತ್ತುವುದು ಬಿಟ್ಟಿಲ್ಲ. ಬಿ.ಪಿ. ಮಾತ್ರೆಯೂ ನಿಂತಿಲ್ಲ. ಆದರೆ ಬೆಳಿಗ್ಗೆ ನಡುಮನೆಯಲ್ಲಿ ಚಾಪೆ ಹಾಸಿ ಕೂರುತ್ತೇನೆ. ಬಾಗಿಲಾಚೆ ಕೊಟ್ಟಿಗೆಯಲ್ಲಿ ಯಜಮಾನರು ಹಾಲು ಕರೆಯುತ್ತಿರುತ್ತಾರೆ. ಕಣ್ಣು ಮುಚ್ಚಿ, ಉಸಿರು ಬಿಡುತ್ತ, ರಂಗ ಎನ್ನುತ್ತೇನೆ. ಆ ಕಡೆಯಿಂದ ಅವರು ಪ್ರತಿ ಸಲವೂ "ಊಂ, ಏಳು" ಎನ್ನುತ್ತಾರೆ. ಮೊದಮೊದಲು ರೇಗಿ ಕಣ್ಣು ಬಿಡುತ್ತಿದ್ದೆ. ನಮ್ಮ ಕಡೆ ಏಳು ಎಂದರೆ ಎದ್ದೇಳು ಎಂದೂ ಆಗುತ್ತದೆ, ಹೇಳು ಎಂದೂ ಆಗುತ್ತದೆ. ಅವರು ಯಾವುದನ್ನು ಅನ್ನುತ್ತಾರೋ ನಾನು ಕೇಳಿಲ್ಲ. ಕೂತಲ್ಲೇ ಕೂತು ಇನ್ನೊಂದು ಸಲ ಹೇಳುತ್ತೇನೆ.